ಅಡಿಗೆಮನೆ ಮೂಲೆಯ ಗೂಟ

ನಮ್ಮೂರಿನಲ್ಲಿ ಗಂಟೆ ಬಾರಿಸಿದಾಗ ಬಾಗಿಲಲ್ಲಿ ನಿಲ್ಲಬಾರದು. ಮಕ್ಕಳು ಗೋಡೆ ಹಿಡಿದು ನಡೆಯಲು ಕಲಿಯುವ ಹೊತ್ತಿಗೇ ಈ ಮಾತನ್ನು ಅವರ ತಲೆಗೆ ತುಂಬುತ್ತಾರೆ. ಗಂಟೆ ಕೇಳಿಸಿತೋ, ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಕೋಣೆಯ ನಟ್ಟನಡುವೆ ಬಂದು, ಕೈಕಾಲು ಮುದುಡಿಕೊಂಡು ಕೂತುಬಿಡಬೇಕು. ಗೋಡೆಗೆ ಒರಗಿಸಿದ ಏಣಿ, ಮೂಲೆಯ ನೀರಿನ ಕೊಡ, ಬಾಣಂತಿಯ ಹೊರಸು ಎಲ್ಲವೂ ನಡುವಿಗೆ ಬರಬೇಕು. ಆಮೇಲೆ ನಕ್ಷೆ ಕಚೇರಿಯ ಕಂಪ್ಯೂಟರಿನಲ್ಲಿ ಬರೆದ ಹೊಸ ಅಳತೆ ಊರಿಗೆ ಇಳಿಯುತ್ತದೆ. ಗೋಡೆಗಳು ಹಲ್ಲು ಕಡಿದಂತೆ ಸದ್ದು ಮಾಡುತ್ತವೆ. ಒಬ್ಬರ ಕಿಟಕಿ ಕಿರಿದಾಗುತ್ತದೆ, ಇನ್ನೊಬ್ಬರ ಕಿಟಕಿ ಅಗಲವಾಗುತ್ತದೆ. ಇದಕ್ಕೆ ನಾವು ಹೊರಳು ಅನ್ನುತ್ತೇವೆ. ಹೊರಳು ಮುಗಿದ ಮೇಲೆ ಜನ ಎದ್ದು ಮೈ ಕೊಡವಿಕೊಂಡು, ಮನೆಯಲ್ಲಿ ಏನೇನು ಬದಲಾಗಿದೆ ಎಂದು ಅಂಗೈಯಿಂದ ಸವರಿ ನೋಡಿ, ಮತ್ತೆ ಕೆಲಸಕ್ಕೆ ಹತ್ತುತ್ತಾರೆ.

ಇಲ್ಲಿ ಯಾವುದಕ್ಕೂ ತನ್ನಷ್ಟಕ್ಕೆ ತಾನಿರುವ ಭಾಗ್ಯವಿಲ್ಲ. ನಕ್ಷೆಯಲ್ಲಿ ಒಂದಕ್ಕೊಂದು ಕಟ್ಟು ಹಾಕಿರುತ್ತಾರೆ. ಅದು ಇದಕ್ಕೆ ಸಮ, ಇದು ಅದಕ್ಕೆ ಸಮಾಂತರ, ಈ ಗೋಡೆ ಆ ಗೋಡೆಗೆ ಮೂಲೆಮಟ್ಟ. ರಾಚಪ್ಪನ ಚಹಾ ಅಂಗಡಿಯ ಕಟ್ಟೆಯನ್ನು ಕಾಲುವೆಗೆ ಸಮಾಂತರ ಕಟ್ಟಿದ್ದರು. ಕಾಲುವೆಯನ್ನು ತಿರುಗಿಸಿದ ವರ್ಷ ಕಟ್ಟೆಯೂ ತಿರುಗಿ ಗೋಡೆಗೆ ಮುಖ ಮಾಡಿತು. ಅಂದಿನಿಂದ ರಾಚಪ್ಪ ಗಿರಾಕಿಗಳಿಗೆ ಬೆನ್ನು ಮಾಡಿ ನಿಂತು, ಹೆಗಲ ಮೇಲಿನಿಂದ ಚಹಾ ಕೊಡುತ್ತಾನೆ. ಕುಡಿಯುವವರೂ ರೂಢಿ ಮಾಡಿಕೊಂಡಿದ್ದಾರೆ. ಶಾಲೆಯ ಕರಿಹಲಗೆಯನ್ನು ಚೇರ್ಮನ್ನರ ಮನೆಯ ಗೇಟಿಗೆ ಕಟ್ಟಿದ್ದರು. ಚೇರ್ಮನ್ನರು ಕಾರು ತಂದರು, ಗೇಟು ಅಗಲವಾಯಿತು, ಕರಿಹಲಗೆ ಬೆಳೆಯಿತು. ಆಮೇಲೆ ದೊಡ್ಡ ಕಾರು ತಂದರು. ಕರಿಹಲಗೆ ಪಕ್ಕದ ಗೋಡೆಗೂ ಹಬ್ಬಿ ಒಂಬತ್ತನೇ ತರಗತಿಯಲ್ಲಿ ಹಿಂದಿನ ಬೆಂಚು ಇಡಲು ಜಾಗ ಉಳಿಯಲಿಲ್ಲ. ಹಿಂದಿನ ಬೆಂಚು ನನ್ನದು. ಮಾಸ್ತರರು ‘ನಾಳೆ ನೋಡೋಣ’ ಎಂದರು. ಆ ನಾಳೆ ಇನ್ನೂ ಬಂದಿಲ್ಲ. ನಾನು ಮಾಬುಸಾಬ ಕಾಕಾನ ವೆಲ್ಡಿಂಗ್ ಅಂಗಡಿ ಸೇರಿದೆ.

ಯಾರ ಅಳತೆ ನಡೆಯುತ್ತದೆ, ಯಾರದು ಅದರ ಹಿಂದೆ ನಡೆಯುತ್ತದೆ ಎಂಬುದನ್ನು ತಿಳಿಯಲು ಹತ್ತನೇ ತರಗತಿ ಪಾಸಾಗಬೇಕಿಲ್ಲ. ಗೋಡೆಯ ಬಣ್ಣ ನೋಡಿದರೆ ಸಾಕು. ಎಲ್ಲ ಕಡೆಯಿಂದಲೂ ಬಿಗಿಯಾಗಿ ಕಟ್ಟಿಸಿಕೊಂಡ ಮನೆಯ ಅಂಚು ಕಪ್ಪಗಿರುತ್ತದೆ, ಅದು ಅಲುಗುವುದಿಲ್ಲ. ಕಟ್ಟು ಸಾಲದ ಮನೆಯ ಅಂಚಿನಲ್ಲಿ ನೀಲಿ ಇಣುಕುತ್ತದೆ, ಅದನ್ನು ಹೊರಳು ಎಲ್ಲಿಗಾದರೂ ಜಗ್ಗಬಹುದು. ಇನ್ನು ಕೆಂಪು. ಒಂದು ಕಟ್ಟು ಇತ್ತ ಎಳೆದು ಇನ್ನೊಂದು ಅತ್ತ ಎಳೆದರೆ ಕೆಂಪು ಬರುತ್ತದೆ. ಕೆಂಪು ಬಂದ ಮನೆಯ ಕಡೆ ಜನ ಬೆರಳು ತೋರಿಸುವುದಿಲ್ಲ, ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ನಮ್ಮ ಮನೆ ಮೊದಲು ನೀಲಿಯಿತ್ತು. ಧಾನ್ಯದ ಪೇಟೆಯ ಹಿಂದಿನ ಸಾಲಿನಲ್ಲಿ ಕಡೆಯ ಮನೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಹಿಂದೆ ಅಡಿಗೆಮನೆ. ಪಡಸಾಲೆಗೆ, ನಡುಮನೆಗೆ ಅಳತೆ ಬರೆದಿದ್ದರು. ಅಡಿಗೆಮನೆಗೆ ಮಾತ್ರ ನಕ್ಷೆಯಲ್ಲಿ ಅಳತೆ ಬರೆದಿರಲಿಲ್ಲ. ಎಲ್ಲ ಕಳೆದು ಉಳಿದದ್ದೇ ಅಡಿಗೆಮನೆ. ಪೇಟೆಯವರು ತಮ್ಮ ಚೀಲ ಇಳಿಸುವ ಕಟ್ಟೆಯನ್ನು ಅಗಲ ಮಾಡಿಸಿದ ದಿನ, ನಾನು ಅಂಗಡಿ ಸೇರಿದ ವರ್ಷವೇ, ಮಧ್ಯಾಹ್ನದ ಗಂಟೆ ಬಾರಿಸಿತು. ಅಪ್ಪ, ನಾನು, ಅಕ್ಕ ಕಾಶವ್ವ ನಡುಮನೆಯಲ್ಲಿ ಕೂತಿದ್ದೆವು. ಅಪ್ಪ ಕೂಗಿದ, ‘ಹೊಳೆವ್ವಾ, ಗಂಟಿ ಆತು, ಬಾರ ಇತ್ತಾಗ!’ ಒಳಗಿನಿಂದ ಅವ್ವ ಹೇಳಿದಳು, ‘ಹಂಚಿನ ಮ್ಯಾಲಿನ ರೊಟ್ಟಿ ತಗದು ಬಂದೆ.’ ಹಿಂದೆಯೇ ರೊಟ್ಟಿ ಬಡಿಯುವ ಸದ್ದು ಇನ್ನೂ ಎರಡು ಸಲ ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ಗೋಡೆ ಅವಳ ಮೇಲೆ ಬೀಳಲಿಲ್ಲ. ಅವಳಿದ್ದ ಜಾಗ ಸೊನ್ನೆಯಾಯಿತು, ಅಷ್ಟೆ. ಅಡಿಗೆಮನೆಯ ಬಾಗಿಲಿದ್ದ ಕಡೆ ನಡುಮನೆಯ ಗೋಡೆಯಲ್ಲಿ ಒಂದು ಉದ್ದನೆಯ ಗೆರೆ ಉಳಿಯಿತು. ಅದರೊಳಗೆ ಕೂದಲು ಕೂಡ ತೂರುತ್ತಿರಲಿಲ್ಲ.

ಸತ್ತಳೆಂದು ಯಾರೂ ಹೇಳಲಿಲ್ಲ. ನಮ್ಮೂರಿನಲ್ಲಿ ಇಂಥವರಿಗೆ ಸೊನ್ನೆಯಾದರು ಅನ್ನುತ್ತಾರೆ. ದಿನ, ತಿಥಿ ಮಾಡುವುದಿಲ್ಲ, ಫೋಟೋಕ್ಕೆ ಹಾರ ಹಾಕುವುದಿಲ್ಲ. ಮಾತಾಡುವುದೂ ಇಲ್ಲ.

ಅಪ್ಪ ಅಡಿವೆಪ್ಪ ಅಡತಿ ಅಂಗಡಿಯಲ್ಲಿ ತೂಕ ಹಾಕುವವನು, ಜೋರಾಗಿ ನಗುವ ಮನುಷ್ಯ. ಮರುದಿನ ಬೆಳಿಗ್ಗೆ ನಮ್ಮ ವೆಲ್ಡಿಂಗ್ ಅಂಗಡಿಗೆ ಗಿರಾಕಿಯ ಹಾಗೆ ಬಂದು ನಿಂತ. ‘ನಾಕು ಗೂಟ ಬೇಕು. ಮೊಣಕೈ ಉದ್ದ. ಒಮ್ಮಿ ಹೊಡದ್ರ ದೇವ್ರು ಬಂದ್ರೂ ಮ್ಯಾಲ ಬರಬಾರ್ದು’ ಅಂದ. ಮಾಬುಸಾಬ ಕಾಕಾ ನನ್ನ ಮುಖ ನೋಡಿದ. ಗಾಳದ ಮುಳ್ಳಿನ ಹಾಗೆ ಹಿಂದಕ್ಕೆ ಬಾಗಿದ ಮುಳ್ಳುಗಳನ್ನು ಬೆಸುಗೆ ಹಾಕಿ ನಾನೇ ಆ ಗೂಟಗಳನ್ನು ಮಾಡಿದೆ. ಅಪ್ಪ ಅವನ್ನು ಮನೆಯ ಮೂಲೆಮೂಲೆಗೆ ಹೊಡೆದ. ಕಡೆಯದನ್ನು ಆ ಗೆರೆಯ ಬುಡದಲ್ಲೇ, ಅಡಿಗೆಮನೆಯ ಮೂಲೆಯಲ್ಲಿ. ಸಂಜೆಯ ಹೊತ್ತಿಗೆ ನಮ್ಮ ಮನೆ ಹಂಚಿನ ತಳದ ಹಾಗೆ ಕಪ್ಪಾಯಿತು. ಆಮೇಲೆ ಎಷ್ಟು ಗಂಟೆ ಬಾರಿಸಿದರೂ ಅದು ಅಲುಗಲಿಲ್ಲ. ಅಪ್ಪ ಮಾತ್ರ ಅಂದಿನಿಂದ ಆ ಗೂಟದ ಪಕ್ಕವೇ ಹಾಸಿಗೆ ಹಾಸಿದ. ನಗುವುದನ್ನೂ ಬಿಟ್ಟ.

ಕಪ್ಪು ಮನೆಯ ಹುಡುಗಿ ಎಂದು ಅಕ್ಕನಿಗೆ ಒಳ್ಳೆಯ ಕಡೆಯೇ ಕೊಟ್ಟೆವು. ಬಜಾರ ರಸ್ತೆಯಲ್ಲಿ ಭಾಂಡೆ ಪಾತ್ರೆಗಳ ಅಂಗಡಿ ಇಟ್ಟಿರುವ ಬಸೆಟ್ಟೆಪ್ಪನ ಮಗ ಚನ್ನವೀರ. ಮದುವೆಯಲ್ಲಿ ನಮ್ಮ ಕಡೆ ಹೊಸ್ತಿಲು ಸಮ ಮಾಡುವ ಪದ್ಧತಿಯಿದೆ. ಹುಡುಗಿಯ ತವರಿನ ಹೊಸ್ತಿಲು, ಗಂಡನ ಮನೆಯ ಹೊಸ್ತಿಲು ಎರಡನ್ನೂ ಅವಳ ಹೆಸರಿನಲ್ಲಿ ಕಟ್ಟುತ್ತಾರೆ. ಇಲ್ಲಿ ಎಷ್ಟೋ ಅಲ್ಲಿಯೂ ಅಷ್ಟೇ. ಹೋದ ಮನೆಯಲ್ಲಿ ಅವಳ ಕಾಲು ತಡವರಿಸಬಾರದು ಅಂತ. ಆ ಕಟ್ಟನ್ನು ಬಿಚ್ಚುವುದು ಅವಳು ಸತ್ತ ಮೇಲೆ. ಬದುಕಿರುವಾಗಲೇ ಬಿಚ್ಚಿದ್ದು ನನಗೆ ತಿಳಿದ ಹಾಗೆ ಒಬ್ಬಳದು, ಕುಂಬಾರ ಓಣಿಯ ಗುರವ್ವನದು. ಮೊದಲ ಹೊರಳಿಗೆ ಅವಳು ಮನೆಯಿಂದ ಓಣಿಗೆ ಜಾರಿದಳು. ಮುಂದಿನದಕ್ಕೆ ಕೆರೆಯ ಏರಿಗೆ. ಜನ ಅಲ್ಲಿಗೇ ಬುತ್ತಿ ಒಯ್ದು ಕೊಟ್ಟರು, ನಕ್ಕು ಮಾತಾಡಿಸಿದರು. ಅವಳ ಉಗುರು, ತುಟಿ ಶಾಯಿ ಬಿದ್ದ ಹಾಗೆ ನೀಲಿಯಾಗಿದ್ದವು. ಅದರ ಮುಂದಿನದಕ್ಕೆ ಮೈಲಿಗಲ್ಲಿನ ಹತ್ತಿರ ನಿಂತಿದ್ದಳಂತೆ. ಆಮೇಲೆ ಬುತ್ತಿ ಒಯ್ದವರು ಬುತ್ತಿಯನ್ನು ತಿರುಗಿ ತಂದರು.

ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಹೋದ ವಾರ ಒಂದು ಬೆಳಿಗ್ಗೆ ನಾನು ಅಂಗಡಿಗೆ ಹೊರಟಾಗ ನಮ್ಮ ಹೊಸ್ತಿಲು ಕೆಂಪಗೆ ಹೊಳೆಯುತ್ತಿತ್ತು.

ಅಪ್ಪನಿಗೆ ಹೇಳುವ ಮೊದಲೇ ಅಕ್ಕನ ಗಂಡ ಚನ್ನವೀರ ಮಾವ ಸೈಕಲ್ ತಳ್ಳಿಕೊಂಡು ಬಂದ. ಸೈಕಲ್ ನಿಲ್ಲಿಸಲಿಲ್ಲ, ಹಿಡಿಕೆ ಹಿಡಿದುಕೊಂಡೇ ನಿಂತ. ‘ಫಕ್ಕೀರಾ, ನಮ್ಮಲ್ಲೂ ಕೆಂಪಾಗೈತಿ’ ಅಂದ.

‘ಯಾಕ?’

‘ಬಜಾರ ರಸ್ತಿ ಅಗಲ ಮಾಡಾಕತ್ತಾರ. ಮುಂದಿನ ಸಂತಿ ದಿನ ಮಧ್ಯಾಹ್ನ ಗಂಟಿ. ನಮ್ಮ ಮುಂದಿನ ಖೋಲಿ ಸಣ್ಣದಾಗ್ತೈತಿ, ಅದರ ಕೂಡ ಬಾಗಲಾನೂ ಸಣ್ಣದಾಗಬೇಕು. ನಿಮ್ಮ ಹೊಸ್ತಲ ಬಿಡವಲ್ದು.’

‘ಹಂಗಾದ್ರ?’

ಮಾವ ಸೈಕಲ್ಲಿನ ಬೆಲ್ಲಿನ ಮೇಲೆ ಬೆರಳಾಡಿಸಿದ. ‘ನಮ್ಮಪ್ಪ ಹೊಸ್ತಲ ಕಟ್ಟು ಬಿಚ್ರಿ ಅಂತ ಕಚೇರಿಗೆ ಹೇಳಿ ಬಂದಾನ.’

ನಾನು ಅವನ ಕಾಲರು ಹಿಡಿದೆ. ಸೈಕಲ್ ಬಿತ್ತು. ‘ನಿಮ್ಮಪ್ಪ ಹೇಳಿ ಬಂದಾನ. ನೀ ಏನ್ ಅಂದಿ? ಪಾತೇಲಿ ಒರಸ್ಕೋತ ಕುಂತಿದ್ದೇನು?’

‘ಕೈ ತಗಿ ತಮ್ಮಾ. ಅಪ್ಪ ಅಂತಾನ, ಗುರವ್ವನ ಕಾಲ ಬ್ಯಾರೆ ಇತ್ತು, ಈಗಿನ ಮಷೀನು ಚಲೋ ಅದಾವು, ಏನೂ ಆಗಂಗಿಲ್ಲ ಅಂತ.’

‘ಏನೂ ಆಗಂಗಿಲ್ಲಂದ್ರ ನಿಮ್ಮಪ್ಪಂದ ಬಿಚ್ಚಸ್ರಿ ಏನಾರ ಒಂದು!’

ಅವನು ಕಾಲರು ಬಿಡಿಸಿಕೊಳ್ಳಲಿಲ್ಲ. ತಲೆ ತಗ್ಗಿಸಿಕೊಂಡು ಮೆಲ್ಲಗೆ, ‘ಬಿಚ್ರಿ ಅಂತ ಬರಸಿದ್ದಕ್ಕನ ಕಟ್ಟು ಸಡಲಾಗೈತಿ, ನಿನ್ನೆಯಿಂದ ಆಕಿ ಉಗುರು ನೀಲಿಗೆ ತಿರಗ್ಯಾವು. ಅದನ್ನ ಹೇಳಾಕ ಬಂದೆ. ಸಂತಿ ದಿನಾ ಬಂದು ಹೇಳಿದ್ರ ಏನ್ ಉಪಯೋಗ?’ ಅಂದ. ಅವನ ಕಣ್ಣಲ್ಲಿ ನೀರು ನೋಡಿ ನನ್ನ ಸಿಟ್ಟಿಗೆ ಹಿಡಿಯಲು ಜಾಗ ಸಿಗದಾಯಿತು. ಹೆದರಿದವನನ್ನು ಹೊಡೆಯಲು ಬರುವುದಿಲ್ಲ. ನಾನೂ ಹೆದರಿದ್ದೆ.

ಅಲ್ಲಿಂದ ನೇರ ನಕ್ಷೆ ಕಚೇರಿಗೆ ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದವನು ವಿರೂಪಾಕ್ಷಿ, ಒಂಬತ್ತನೇ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವ. ನನ್ನ ನೋಡಿ, ‘ಏನಲೇ ಹಿಂದಿನ ಬೆಂಚು, ಭಾಳ ದಿನಕ್ಕ ಸಾಲಿ ನೆನಪಾತೇನು?’ ಅಂದ. ನಾನು ಮೇಜಿನ ಮೇಲೆ ಮುಷ್ಟಿ ಊರಿದೆ. ಅವನು ನಗು ನಿಲ್ಲಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದ. ಊರೆಲ್ಲ ಗೆರೆಗಳಾಗಿ ಮಲಗಿತ್ತು. ಅದರಲ್ಲಿ ಎರಡು ಗೆರೆ ಕೆಂಪು. ಒಂದು ಬಜಾರ ರಸ್ತೆಯಲ್ಲಿ, ಒಂದು ನಮ್ಮಲ್ಲಿ. ಅಷ್ಟು ಚಿಕ್ಕವು, ಉಗುರಿನಿಂದ ಕೆರೆದರೆ ಹೋಗುವಂತೆ ಕಾಣುತ್ತಿದ್ದವು.

‘ಇಲ್ನೋಡು. ರಸ್ತಿ ಅವರ ಹೊಸ್ತಲಕ್ಕ ಸಣ್ಣದಾಗು ಅಂತೈತಿ. ನಿಮ್ಮಪ್ಪನ ಗೂಟ ಆಗಂಗಿಲ್ಲ ಅಂತೈತಿ. ನಡುವ ನಿಮ್ಮಕ್ಕನ ಹೊಸ್ತಲ, ಎರಡೂ ಒಂದ ಅಳತಿ ಇರಬೇಕು ಅಂತೈತಿ. ಮೂರೂ ಒಟ್ಟಿಗೆ ಕೂಡಂಗಿಲ್ಲಪ್ಪಾ. ಒಂದನ್ನ ತಗೀಬೇಕು.’

‘ರಸ್ತಿ ತಗಿ.’

‘ರಸ್ತಿ ತಗದ್ರ ನನ್ನ ತಗೀತಾರ.’

‘ಚೇರ್ಮನ್ನರ ಗೇಟಿಗೆ ಯಾವತ್ತರ ಕೆಂಪು ಬಂದೈತೇನಲೇ?’

ವಿರೂಪಾಕ್ಷಿ ಬಾಗಿಲ ಕಡೆ ನೋಡಿ ದನಿ ಇಳಿಸಿದ. ‘ಅವರದು ಮೊದಲ ಬರದ ಅಳತಿ. ಮಂದೀದು ಅದರ ಹಿಂದ ಓಡ್ತೈತಿ. ನನಗ ಸಿಟ್ಟು ಮಾಡಿ ಏನ್ ಮಾಡ್ತಿ? ಗೂಟ ಕೀಳು. ಸಂತಿ ದಿನ ಗಂಟಿಗಿಂತ ಮೊದಲ ನಾಕೂ ಹೊರಗ ಬಂದ್ರ ನಿಮ್ಮ ಹೊಸ್ತಲ ತಾನ ಸಣ್ಣದಾಗ್ತೈತಿ, ಕೆಂಪು ಹೋಗ್ತೈತಿ, ಬಸೆಟ್ಟೆಪ್ಪ ಹೇಳಿದಂಗ ಕಟ್ಟು ಬಿಚ್ಚೋ ಗುಂಡಿ ನಾ ಒತ್ತಂಗಿಲ್ಲ. ಒಂದು ಗೂಟ ಉಳೀತಂದ್ರೂ ಒತ್ತಬೇಕಾಗ್ತೈತಿ.’

‘ಗೂಟ ಕಿತ್ರ ಮನಿ ಏನಾಗ್ತೈತಿ?’

ಅವನು ನಮ್ಮ ಮನೆಯನ್ನು ದೊಡ್ಡದು ಮಾಡಿ ನೋಡಿದ. ‘ಯಾರಿಗ್ಗೊತ್ತು. ಹೊರಳಿದ ಮ್ಯಾಲ ತಿಳೀತೈತಿ. ಪಡಸಾಲಿ ಹೋದೀತು, ನಡುಮನಿ ಹೋದೀತು. ಇಲ್ಲೊಂದು ಖೋಲಿಗೆ ಅಳತೀನ ಇಲ್ಲ, ಉಳಿದಿದ್ದು ಅಂತ ಬರದಾರ. ಗೂಟ ಹೊಡದ ದಿನ ಸೊನ್ನಿ ಇತ್ತು, ಹಂಗಾಗಿ ಸೊನ್ನಿಗೇ ನಿಂತೈತಿ ನೋಡು.’

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಡುಮನಿ ಹೋದೀತು ಎಂಬುದಷ್ಟೇ ಹೋಯಿತು.

ಅಪ್ಪನಿಗೆ ಹೇಳಿದೆ. ಅವನು ಗೂಟದ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಪೂರ್ತಿ ಕೇಳಿದ. ಎಲೆಯನ್ನು ಮಡಚಿ ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡು, ‘ಆಗಂಗಿಲ್ಲ’ ಅಂದ.

‘ಅಕ್ಕ ಜಾರಿ ಹೋಗ್ತಾಳಪ್ಪಾ.’

‘ಗೂಟ ತಗದ್ರ ನೀ ಹೋಗ್ತಿ. ಕುಂತಲ್ಲೇ ಹೋಗ್ತಿ. ನಾ ನೋಡೀನಿ.’

‘ನಾ ಹೊರಗ ನಿಂದರ್ತೀನಿ, ನೀನೂ ಹೊರಗ ಬಾ. ಮನಿ ಹೋದ್ರ ಹೋಗ್ಲಿ.’

‘ಈ ಮೂಲಿ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ’ ಎಂದು ಅಪ್ಪ ಗೂಟದ ತಲೆಯ ಮೇಲೆ ಅಂಗೈ ಇಟ್ಟ. ವರ್ಷಗಟ್ಟಲೆ ಸವರಿ ಸವರಿ ಆ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವ್ವನನ್ನು ಕಾಯಲಿಲ್ಲ, ಈಗ ಮಗಳನ್ನೂ ಕಳೆಯುತ್ತೀ, ಕಬ್ಬಿಣದ ತುಂಡಿಗೆ ಇರುವಷ್ಟು ಬೆಲೆ ನಮಗಿಲ್ಲ ಎಂದೆ. ಅವನು ಎರಡು ದಿನ ಅಲ್ಲಿಂದ ಏಳಲಿಲ್ಲ.

ಸಂತೆಯ ದಿನ ಬಿಸಿಲು ಏರುವ ಹೊತ್ತಿಗೆ ಮಾಬುಸಾಬ ಕಾಕಾ ತಳ್ಳುಗಾಡಿಯಲ್ಲಿ ಚೈನ್ ಪುಲ್ಲಿ, ಮೂರು ಕಾಲಿನ ಪೈಪು ಹೇರಿಕೊಂಡು ಬಂದ. ನಾನು ಕರೆದಿರಲಿಲ್ಲ. ‘ನನ್ನ ಅಂಗಡ್ಯಾಗ ಮಾಡಿದ ಮಾಲು. ನಾನ ತಗೀಬೇಕು’ ಅಂದ. ಪಡಸಾಲೆಯ ಎರಡು ಮೂಲೆಯ ಗೂಟಗಳಿಗೆ ಸುತ್ತ ಅಗೆದು, ಸರಪಳಿ ಬಿಗಿದು, ಇಬ್ಬರೂ ಜಗ್ಗಿದೆವು. ನಾನೇ ಬೆಸೆದ ಮುಳ್ಳು ನೆಲದೊಳಗೆ ಕಚ್ಚಿ ಹಿಡಿದಿತ್ತು. ನಮ್ಮ ಅಂಗೈ ಸುಲಿಯಿತು. ಮೊದಲನೆಯದು ಕಿತ್ತುಬಂದಾಗ ಮನೆ ಒಮ್ಮೆ ನಿಟ್ಟುಸಿರು ಬಿಟ್ಟ ಹಾಗಾಯಿತು. ಗೋಡೆಯ ಅಂಚಿನಲ್ಲಿ ನೀಲಿ ಎಳೆ ಮೂಡಿತು. ನಾನು ಸರಪಳಿ ಬಿಟ್ಟು ಅದನ್ನೇ ನೋಡುತ್ತ ನಿಂತೆ. ‘ನೋಡಬ್ಯಾಡ, ಜಗ್ಗು’ ಅಂದ ಕಾಕಾ. ಎರಡನೆಯದು ಬಂತು. ನಡುಮನೆಯ ಈಚೆ ಮೂಲೆಯದು ಅರ್ಧಕ್ಕೆ ಬಂದು ನಿಂತು ಸತಾಯಿಸಿ ಆಮೇಲೆ ಬಂತು. ನೀಲಿ ಈಗ ಜಂತೆಯವರೆಗೂ ಏರಿತ್ತು. ಉಳಿದದ್ದು ಒಂದೇ, ಗೆರೆಯ ಬುಡದ್ದು. ಅದರ ಮೇಲೆ ಅಪ್ಪ ಕಂಬಳಿ ಹೊದ್ದು ಕೂತಿದ್ದ.

‘ಅಡಿವೆಪ್ಪಾ, ಏಳು’ ಅಂದ ಕಾಕಾ.

‘ನಿಮ್ಮ ಗಾಡಿ ತಗೊಂಡು ಹೋಗ್ರಿ.’

‘ಮಗಳ ಸಲುವಾಗಿ ಏಳೋ.’

‘ಆಕಿ ಇಲ್ಲೇ ಅದಾಳ’ ಎಂದು ಅಪ್ಪ ಗೆರೆಗೆ ಬೆನ್ನು ಒತ್ತಿದ. ಅವನು ಅವ್ವನ ಮಾತಾಡುತ್ತಿದ್ದಾನೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ‘ಗೂಟ ಇರೋತನಕ ಇಲ್ಲಿ ಗೆರಿ ಆದ್ರೂ ಐತಿ. ಕಿತ್ರ ಅದೂ ಇರಂಗಿಲ್ಲ. ಆಮ್ಯಾಲ ನಾ ಎತ್ತಾಗ ಮುಖ ಮಾಡಿ ಮಲಗಲಿ?’

ನಾನು ಅವನ ರಟ್ಟೆಗೆ ಕೈ ಹಾಕಿದೆ. ಎಳೆದು ಬಿಸಾಕಿಯೇ ಬಿಡುವವನಿದ್ದೆ. ಆಗ ಹೊರಗಿನಿಂದ ದನಿ ಬಂತು.

‘ಅಪ್ಪಾ.’

ಅಕ್ಕ ಬಂದಿದ್ದಳು. ನಮ್ಮ ಬಾಗಿಲ ಎದುರಿನ ಲೈಟಿನ ಕಂಬವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದಳು. ಹಿಂದೆ ಚನ್ನವೀರ ಮಾವ ಅವಳ ಸೆರಗಿನ ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು ನಿಂತಿದ್ದ. ಅವಳ ಉಗುರು ಮಾತ್ರವಲ್ಲ, ಕಿವಿಯ ತುದಿಯೂ ನೀಲಿಯಾಗಿತ್ತು.

‘ಒಳಗ ಬಾ ಅಕ್ಕಾ.’

‘ಬರಾಕಾಗವಲ್ದು ತಮ್ಮಾ.’ ಅವಳು ಕಂಬ ಬಿಟ್ಟು ಹೊಸ್ತಿಲ ಕಡೆ ಕಾಲೆತ್ತಿದಳು. ಎತ್ತಿದ ಕಾಲು ಎತ್ತಿದಲ್ಲಿಗೇ ಬಂದು ಇಳಿಯಿತು. ಮತ್ತೆ ಎತ್ತಿದಳು, ಮತ್ತೆ ಅಲ್ಲಿಗೇ. ಅಷ್ಟರಲ್ಲಿ ಸಂತೆಗೆ ಹೋಗುವ ಟ್ರಾಕ್ಟರ್ ಒಂದು ಪಕ್ಕದಲ್ಲಿ ಹಾದುಹೋಯಿತು. ಆ ಗಾಳಿಗೆ ಅಕ್ಕ ನಿಂತ ಭಂಗಿಯಲ್ಲೇ, ಹೆಜ್ಜೆ ಇಡದೆ, ತಟ್ಟೆಯ ಮೇಲೆ ಜಾರುವ ಎಣ್ಣೆಯ ಹನಿಯ ಹಾಗೆ ಓಣಿಯಲ್ಲಿ ಜಾರಿದಳು. ಮಾವ ಸೆರಗು ಹಿಡಿದು ನೆಲಕ್ಕೆ ಬಿದ್ದು ತಡೆದ. ಅವಳು ಕಿರುಚಲಿಲ್ಲ. ಕಂಬಕ್ಕೆ ಮತ್ತೆ ಕೈ ಚಾಚುತ್ತ, ಸಣ್ಣವಳಿದ್ದಾಗ ಹೊರಗೆ ಹಾಕಿ ಬಾಗಿಲು ಮುಚ್ಚಿದರೆ ಕೇಳುತ್ತಿದ್ದ ಹಾಗೆ ಕೇಳಿದಳು, ‘ಅಪ್ಪಾ, ನನ್ನ ಒಳಗ ಕರಕೋ.’

ನಡುಮನೆಯಿಂದ ಪಡಸಾಲೆ ದಾಟಿ ಬಾಗಿಲವರೆಗೆ ನೇರ ಕಾಣುತ್ತದೆ. ಅಪ್ಪ ಅದನ್ನು ನೋಡಿದ. ಕಂಬಳಿ ಸರಿಸಿ ಎದ್ದ. ಕಾಕಾ ಸರಪಳಿ ಬಿಗಿಯಲು ಬಗ್ಗಿದರೆ ಅವನನ್ನು ತಳ್ಳಿ, ತಾನೇ ಕೊಂಡಿ ಸಿಕ್ಕಿಸಿದ. ‘ಜಗ್ರಲೇ’ ಅಂದ.

ಗಂಟೆ ಗೋಪುರದ ಮೆಟ್ಟಿಲನ್ನು ಗಂಟೆಯವನು ಹತ್ತುತ್ತಿದ್ದದ್ದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ಮೂವರೂ ಸರಪಳಿಗೆ ಜೋತುಬಿದ್ದೆವು. ಪೈಪು ಬಾಗಿತು. ಗೂಟ ಒಂದು ಬೆರಳು ಏರಿ ನಿಂತಿತು. ಆ ಮುಳ್ಳುಗಳನ್ನು ಅಷ್ಟು ಚೆಂದ ಬೆಸೆದ ಕೈಯನ್ನು ನಾನು ಶಪಿಸಿದೆ. ಅಪ್ಪ ಮಂಡಿಯೂರಿ ಬರಿಗೈಯಿಂದ ಮಣ್ಣು ಬಗೆಯತೊಡಗಿದ. ಉಗುರು ಕಿತ್ತು ರಕ್ತ ಬಂದರೂ ಬಗೆದ. ಗಂಟೆಯ ಮೊದಲ ಪೆಟ್ಟು ಬಿದ್ದಾಗ ಗೂಟ ಅವನ ಎದೆಯ ಮೇಲೆ ಕಿತ್ತು ಬಂದು, ಅವನು ಅಂಗಾತ ಬಿದ್ದ.

‘ನಡುವಿಗೆ ಬರ್ರಿ!’ ಎಂದು ಕಾಕಾ ಕೂಗಿದ. ಹೊರಗೆ ಓಡಲು ಹೊತ್ತಿರಲಿಲ್ಲ. ಅಪ್ಪನ ಕಾಲು ಹಿಡಿದು ನಡುಮನೆಯ ಮಧ್ಯಕ್ಕೆ ಎಳೆದುಕೊಂಡು ಮೂವರೂ ಒಬ್ಬರನ್ನೊಬ್ಬರು ತಬ್ಬಿ ಮುದುಡಿ ಕೂತೆವು. ಎಷ್ಟೋ ವರ್ಷಗಳಿಂದ ಅಲುಗದ ಮನೆ ಅಲುಗಿತು. ಬಲಗೋಡೆ ನಮ್ಮ ಕಡೆ ಬಂತು. ಬರುವುದು ಕಾಣುತ್ತಿತ್ತು, ಅದಕ್ಕೆ ಅವಸರವಿರಲಿಲ್ಲ. ಮಲಗಿದವರ ಕಡೆ ಎಮ್ಮೆ ನಡೆದು ಬಂದ ಹಾಗೆ ಬಂತು. ನನ್ನ ಹೆಗಲಿಗೆ ತಣ್ಣಗೆ ತಾಗಿತು. ನಾನು ಅವ್ವನನ್ನು ನೆನೆದೆ. ಆ ಎರಡನೆಯ ಬಡಿತದ ಬಳಿಕ ಅವಳಿಗೂ ಹೀಗೇ ತಣ್ಣಗೆ ತಾಗಿರಬೇಕು. ಕಣ್ಣು ಮುಚ್ಚಿದೆ. ಕಾಕಾ ತನ್ನ ಭಾಷೆಯಲ್ಲಿ ದೇವರನ್ನು ಕರೆಯುತ್ತಿದ್ದ. ಅಪ್ಪ ನನ್ನ ತಲೆಯನ್ನು ತನ್ನ ಎದೆಯೊಳಗೆ ತುರುಕಿಕೊಂಡಿದ್ದ, ತನ್ನ ಬೆನ್ನನ್ನು ಗೋಡೆಗೆ ಕೊಟ್ಟಿದ್ದ.

ಗೋಡೆ ನಿಂತಿತು.

ಎಷ್ಟೋ ಹೊತ್ತು ಯಾರೂ ಏಳಲಿಲ್ಲ. ಮೊದಲು ಕೇಳಿಸಿದ್ದು ಬಾಗಿಲಲ್ಲಿ ಬಳೆಯ ಸದ್ದು. ನಮ್ಮ ಬಾಗಿಲು ಈಗ ಒಬ್ಬರು ಅಡ್ಡ ತಿರುಗಿ ನುಸುಳುವಷ್ಟೇ ಉಳಿದಿತ್ತು. ಹೊಸ್ತಿಲು ಕಪ್ಪಗಿತ್ತು. ಅಕ್ಕ ಭುಜ ಒಳಗೆ ಹಾಕಿ, ಸೊಂಟ ತಿರುಗಿಸಿ ನುಸುಳುತ್ತಿದ್ದಳು. ಅವಳ ಕಾಲು ಎತ್ತಿದಲ್ಲಿ ಇಳಿಯಲಿಲ್ಲ, ನಮ್ಮ ಮನೆಯೊಳಗೆ ಇಳಿಯಿತು. ಉಗುರುಗಳು ಎಲ್ಲರ ಉಗುರಿನ ಹಾಗಿದ್ದವು. ನಾನು ಅವಳ ಕೈ ಹಿಡಿದು ನೋಡುತ್ತಲೇ ನಿಂತೆ. ಅವಳು ನನ್ನ ನೋಡಲಿಲ್ಲ. ಮೂಗು ಎತ್ತಿ ಗಾಳಿ ಹಿಡಿಯುತ್ತಿದ್ದಳು.

‘ಯಾರ ಮನ್ಯಾಗೋ ರೊಟ್ಟಿ ಹೊತ್ತಾಕತ್ತೈತಿ’ ಅಂದಳು.

ನಮಗೂ ಬಂತು. ಜೋಳದ ರೊಟ್ಟಿ ಹಂಚಿನ ಮೇಲೆ ಸೀಯುವ ವಾಸನೆ. ನಮ್ಮ ಒಲೆ ಎಷ್ಟೋ ವರ್ಷದಿಂದ ಪಡಸಾಲೆಯಲ್ಲಿತ್ತು, ಅದು ಆರಿತ್ತು. ನಾನು ತಿರುಗಿ ನೋಡಿದೆ. ಗೂಟ ಕಿತ್ತ ಗುಂಡಿಯ ಮೇಲೆ, ಗೋಡೆಯ ಆ ಗೆರೆ ಈಗ ಗೆರೆಯಾಗಿರಲಿಲ್ಲ. ಒಂದು ಬೆರಳಿನಷ್ಟು ಬಾಯಿ ತೆರೆದಿತ್ತು. ಅದರೊಳಗಿನಿಂದ ಮಧ್ಯಾಹ್ನದ ಒಲೆಯ ಬಿಸಿ ಮುಖಕ್ಕೆ ಬಡಿಯಿತು. ವಿರೂಪಾಕ್ಷಿಯ ಮಾತು ಆಗ ತಲೆಗೆ ಇಳಿಯಿತು. ಗೂಟ ಹೊಡದ ದಿನ ಸೊನ್ನಿ ಇತ್ತು, ಹಂಗಾಗಿ ಸೊನ್ನಿಗೇ ನಿಂತೈತಿ. ಎಷ್ಟು ಹೊರಳು ಹೋಗಿದ್ದವು! ಅದರಲ್ಲಿ ಯಾವುದಾದರೂ ಒಂದು ತೆರೆಯುತ್ತಿತ್ತೋ ಏನೋ. ಅಪ್ಪನ ಮುಖ ನೋಡಿದೆ. ಅವನಿಗೂ ತಿಳಿದಿತ್ತು. ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನಿಗೆ ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ನನ್ನ ಬಾಯಲ್ಲೇ ಒಣಗಿತು.

ಒಳಗಿನಿಂದ ಸದ್ದು ಬರುತ್ತಿತ್ತು. ಹಿಟ್ಟು ನಾದುವ ಕೊಣಮಿಗೆಯ ಮೇಲೆ ಅಂಗೈಯಲ್ಲಿ ರೊಟ್ಟಿ ಬಡಿಯುವ ಸದ್ದು.

ಅಪ್ಪ ಗುಂಡಿಯ ಪಕ್ಕ ಮಂಡಿಯೂರಿ ಬಿರುಕಿಗೆ ಬಾಯಿ ಕೊಟ್ಟ. ಕೂಗಲಿಲ್ಲ. ದಿನಾ ಹೇಳುವ ಮಾತಿನ ಹಾಗೆ ಹೇಳಿದ, ‘ಹೊಳೆವ್ವಾ, ಹಂಚಿನ ಮ್ಯಾಲಿಂದು ಹೊತ್ತಾಕತ್ತೈತಿ ನೋಡ.’

ಬಡಿಯುವ ಸದ್ದು ನಿಂತಿತು. ಯಾರೋ ಕರೆದರು ಎಂದು ಕಿವಿಗೊಡುವಾಗ ಅವ್ವ ಕೈ ನಿಲ್ಲಿಸುತ್ತಿದ್ದಳಲ್ಲ, ಹಾಗೆ.

ಮಾಬುಸಾಬ ಕಾಕಾ ನೆಲದಲ್ಲಿ ಬಿದ್ದಿದ್ದ ಗೂಟ ಎತ್ತಿಕೊಂಡ. ‘ಹೊಡದುಬಿಡ್ಲೇನೋ? ಇಷ್ಟಾದ್ರೂ ತೆರಕೊಂಡು ನಿಲ್ತೈತಿ. ಇಲ್ಲಂದ್ರ ಮತ್ತ ಮುಚ್ಚೀತು.’ ಸುತ್ತಿಗೆ ನನ್ನ ಕಾಲ ಬಳಿಯೇ ಇತ್ತು. ನಾನು ಅದನ್ನು ಎತ್ತಿದೆ. ಹೊಡೆದರೆ ಒಂದು ಬೆರಳಿನ ಸಂದು ಯಾವತ್ತೂ ಉಳಿಯುತ್ತದೆ. ಸದ್ದು ಕೇಳಬಹುದು, ಮಾತಾಡಬಹುದು. ಆದರೆ ರಸ್ತೆಗೆ ಇನ್ನೊಂದು ಅಳತೆ ಬಂದ ದಿನ ಹೊಸ್ತಿಲು ಮತ್ತೆ ಕೆಂಪಾಗುತ್ತದೆ. ಅಕ್ಕ ಗೋಡೆಗೆ ಕೆನ್ನೆ ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದಳು.

ಅಪ್ಪ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡ. ‘ಸಾಕು. ಬೆರಳಿನಷ್ಟ ಇದ್ದು ಆಕಿ ಏನ್ ಮಾಡ್ಯಾಳು’ ಎಂದು ಅದನ್ನು ಆ ಸಣ್ಣ ಬಾಗಿಲಿನಿಂದ ಓಣಿಗೆ ಎಸೆದ. ಗೂಟಗಳನ್ನೂ ಎಸೆದ.

ನಿನ್ನೆ ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗಿ ಹೋದರು. ರಸ್ತೆ ಸಾಲದಂತೆ, ಇನ್ನೊಂದು ಅಳತೆ ಬರೆದಿದ್ದಾರಂತೆ. ಉಳಿದದ್ದು ಎಂದು ಬರೆದ ನಮ್ಮ ಅಡಿಗೆಮನೆ ಎಷ್ಟು ಉಳಿಯುತ್ತದೆ ಎಂದು ವಿರೂಪಾಕ್ಷಿಯನ್ನು ಕೇಳಿದೆ. ಅವನು ಈ ಸಲ ತಮಾಷೆ ಮಾಡಲಿಲ್ಲ. ‘ತೆರದೀತು, ಮುಚ್ಚೀತು, ನನಗ ಖರೇನ ಗೊತ್ತಿಲ್ಲಲೇ ಫಕ್ಕೀರಾ’ ಅಂದ. ಇವತ್ತು ಮಾವ ಅಕ್ಕನನ್ನು ಬೆಳಿಗ್ಗೆಯೇ ತಂದು ಬಿಟ್ಟು, ತಾನೂ ಪಡಸಾಲೆಯ ನಡುವೆ ಕೂತಿದ್ದಾನೆ. ಓಣಿಯ ಜನ ಏಣಿ, ಕೊಡ, ಹೊರಸು ಎಲ್ಲ ನಡುವಿಗೆ ತರುತ್ತಿರುವ ಸದ್ದು ಕೇಳುತ್ತಿದೆ. ಕಿಟಕಿಯಿಂದ ನೋಡಿದರೆ ಗಂಟೆಯವನು ಕಡೆಯ ಮೆಟ್ಟಿಲಿನಲ್ಲಿದ್ದಾನೆ. ನಾವು ಮೂವರು ಮಾತ್ರ ನಡುವಿಗೆ ಬಂದಿಲ್ಲ. ಅಪ್ಪ, ಅಕ್ಕ, ನಾನು ಗೋಡೆಗೆ ಅಂಟಿ ಕೂತಿದ್ದೇವೆ. ಅಪ್ಪ ಬೆರಳನ್ನು ಆ ಬಿರುಕಿನೊಳಗೆ ಹಾಕಿದ್ದಾನೆ. ತೆಗಿ ಅಂದರೆ ತೆಗೆಯುತ್ತಿಲ್ಲ. ಒಳಗಿನಿಂದ ಹಿಟ್ಟು ಮೆತ್ತಿದ ಒಂದು ಕೈ ಅದನ್ನು ಹಿಡಿದಿದೆಯಂತೆ.